ಎರಡು ಬೀಗದ ಕಂಪ್ಯೂಟರು

ಆಸ್ಪತ್ರೆಯಲ್ಲಿ ಮಲಗಿರಬೇಕಾದ ಹೆಂಗಸು ಕೈಯಲ್ಲಿ ಪೊರಕೆ ಹಿಡಿದು ತಾನೇ ಬಂದು ಬಾಗಿಲು ತೆರೆದರೆ, ನೋಡಲು ಬಂದವರಿಗೆ ಕೊಂಚ ನಿರಾಸೆಯಾಗುವುದು ಸಹಜ. ಆ ಭಾನುವಾರ ಬೆಳಗ್ಗೆ ಏಳೂವರೆಗೆ, ಹೊಳೆನರಸೀಪುರದ ದಾಕ್ಷಾಯಣಮ್ಮನವರ ಬಾಗಿಲಲ್ಲಿ ನಿಂತ ಹರದನಹಳ್ಳಿಯ ರಾಮಣ್ಣನಿಗೆ ಆದದ್ದು ಅದೇ. ಅವನು ಮೂವತ್ತೊಂದು ವರ್ಷ ಸೈಕಲ್ ಮೇಲೆ ಟಪಾಲು ಹಂಚಿ ನಿವೃತ್ತನಾದವನು. ಈಗ ಅದೇ ಸೈಕಲ್ಲಿನ ಹಿಂದೆ ಹತ್ತು ಎಳನೀರು ಕಟ್ಟಿಕೊಂಡು ಬಂದಿದ್ದ.

"ಏನ್ ಮೇಡಮ್ಮೋರೆ, ನಿಂತ್ಕಂಡೇ ಇದೀರಲ್ಲ!"

"ಕೂತ್ಕೊಂಡು ಕಸ ಗುಡಿಸೋದು ನನಗೆ ಬರಲ್ಲ ರಾಮಣ್ಣ. ಯಾಕೆ, ಏನಾಯ್ತು?"

"ಅಲ್ಲಾ, ಆಸ್ಪತ್ರೇಲಿ ಸಿಕ್ಕಾಕ್ಕಂಡಿದೀನಿ ಅಂತ ನೀವೇ ಕಾಗ್ದ ಆಕಿದ್ರಲ್ಲ. ಯಾವ್ ಆಸ್ಪತ್ರೆ ಅಂತ ಬರೀನಿಲ್ಲ. ಮನೆತಾವ ಕೇಳ್ಕಂಡು ಅಂಗೇ ಓಗಿ ನೋಡ್ಕಬರಾನ ಅಂತ ಬಂದೆ." ಅವನು ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಎಳನೀರಿನತ್ತ ಒಮ್ಮೆ ನೋಡಿದ. "ಚೆನ್ನಾಗೇ ಇದೀರ. ಓಗ್ಲಿ ಬುಡಿ, ಒಳ್ಳೇದೇ ಆಯ್ತು."

ಆ 'ಓಗ್ಲಿ ಬುಡಿ'ಯಲ್ಲಿ ಸಂತೋಷವೆಷ್ಟು, ಸೈಕಲ್ ತುಳಿದ ಆಯಾಸವೆಷ್ಟು ಎಂದು ಬೇರ್ಪಡಿಸುವುದು ಕಷ್ಟವಿತ್ತು.

ದಾಕ್ಷಾಯಣಮ್ಮ ಉಪ ಅಂಚೆ ಕಚೇರಿಯ ಮುಖ್ಯಸ್ಥೆಯಾಗಿದ್ದು ಏಳು ವರ್ಷದ ಹಿಂದೆ ನಿವೃತ್ತರಾದವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕಿನ ನಿವೃತ್ತ ಅಂಚೆಯವರದೊಂದು ಬಳಗವಿತ್ತು. ಅವರು ಅದರ ಕಾರ್ಯದರ್ಶಿ. ತಿಂಗಳಿಗೊಮ್ಮೆ ನೂರ ನಲವತ್ತು ಸದಸ್ಯರಿಗೆ ಈಮೇಲ್ ಕಳಿಸುತ್ತಿದ್ದರು. ಪಿಂಚಣಿಯ ಸುದ್ದಿ, ಜೀವಿತ ಪ್ರಮಾಣಪತ್ರದ ಕೊನೆಯ ದಿನ, ಆ ಪ್ರಮಾಣಪತ್ರ ಇನ್ನು ಬೇಕಾಗದವರ ಹೆಸರು, ಇಷ್ಟೇ ಅದರಲ್ಲಿರುತ್ತಿದ್ದದ್ದು. ಈ ತಿಂಗಳಿನದು ಹೋಗಿ ಹತ್ತು ದಿನವಾಗಿತ್ತು. ಆದರೆ ರಾಮಣ್ಣ ಜೇಬಿನಿಂದ ಫೋನು ತೆಗೆದು ತೋರಿಸಿದ್ದು ನಿನ್ನೆ ಸಂಜೆ ಆರು ಗಂಟೆಯ ಪತ್ರ.

"ಪ್ರೀತಿಯ ಬಳಗದ ಸದಸ್ಯ, ನಾನು ಆಸ್ಪತ್ರೆಯಲ್ಲಿ ಸಿಕ್ಕಿಕೊಂಡಿದ್ದೇನೆ. ನನ್ನ ಪರ್ಸ್ ಮತ್ತು ಶಕ್ತಿ ಕಳೆದುಹೋಗಿವೆ. ದಯವಿಟ್ಟು ಫೋನ್ ಮಾಡಬೇಡಿ, ವೈದ್ಯರು ನನ್ನ ಮಾತನ್ನು ನಿಷೇಧಿಸಿದ್ದಾರೆ. ಕೆಳಗಿನ ಕೊಂಡಿಯನ್ನು ಒತ್ತಿ ನಿಮ್ಮ ಸಾಮರ್ಥ್ಯದ ಹಣವನ್ನು ತುರ್ತು ಮಾಡಿ. ಈ ವಿಷಯ ನಮ್ಮೊಳಗೇ ಇರಲಿ. ಇಂತಿ, ದಾಕ್ಷಾಯಣಮ್ಮ, ಕಾರ್ಯದರ್ಶಿ."

ಮೇಲೆ ಕಳಿಸಿದವರ ಜಾಗದಲ್ಲಿ ಅವರದೇ ವಿಳಾಸ. ಒಂದಕ್ಷರ ಆಚೀಚೆ ಇಲ್ಲ.

ದಾಕ್ಷಾಯಣಮ್ಮನವರಿಗೆ ಮೊದಲು ಕೋಪ ಬಂದದ್ದು ಭಾಷೆಯ ಮೇಲೆ. "ಹಣವನ್ನು ತುರ್ತು ಮಾಡಿ! ಮೂವತ್ತೆಂಟು ವರ್ಷದಲ್ಲಿ ಇಂಥ ಒಂದು ವಾಕ್ಯ ನನ್ನ ಕೈಯಿಂದ ಬಂದಿದ್ಯಾ?"

ಒಳಗಿಂದ ಸೊಸೆ ಯಶಸ್ವಿನಿ ಬಂದು, ಅತ್ತೆಯ ಭುಜದ ಮೇಲಿಂದ ಬಗ್ಗಿ ಓದಿದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಮ್ಮ. ಮಾತು ಕಡಿಮೆ, ಆದರೆ ಆಡಿದ್ದಕ್ಕೆಲ್ಲ ಲೆಕ್ಕ ಇರುತ್ತಿತ್ತು. "ನಿಮ್ಮ ಮಾತನ್ನು ನಿಷೇಧಿಸೋ ವೈದ್ಯರಿದ್ರೆ ಅವರ ವಿಳಾಸಾನೂ ಹಾಕ್ಬೇಕಿತ್ತು ಅತ್ತೆ. ಎಷ್ಟೋ ಮನೆಗೆ ಅನುಕೂಲ ಆಗ್ತಿತ್ತು."

ಪತ್ರ ಬರೆದ ಕಳ್ಳ ಎಲ್ಲಿ ಕೂತಿದ್ದನೋ ಗೊತ್ತಿಲ್ಲ, ಆದರೆ ಹಾಸನ ಸೀಮೆಯಲ್ಲಂತೂ ಅಲ್ಲ. ಇಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ದುಡ್ಡು ಕಳಿಸಿ ಸುಮ್ಮನಾಗುವುದು ಸಂಬಂಧ ಕಡಿದುಕೊಂಡಂತೆ. ಹೋಗಬೇಕು, ಮಂಚದ ತುದಿಯಲ್ಲಿ ಕೂರಬೇಕು, ಬ್ರೆಡ್ಡಿನ ಪೊಟ್ಟಣವನ್ನು ಸ್ಟೂಲಿನ ಮೇಲಿಡಬೇಕು, ಹೇಗಾಯಿತು ಎಂದು ಎರಡು ಸಲ ಕೇಳಬೇಕು, ಇದೇ ಕಾಯಿಲೆಯಲ್ಲಿ ತೀರಿಕೊಂಡ ಇಬ್ಬರ ಹೆಸರು ಹೇಳಿ ಧೈರ್ಯ ತುಂಬಿ ಎದ್ದು ಬರಬೇಕು. 'ವಿಷಯ ನಮ್ಮೊಳಗೇ ಇರಲಿ' ಎಂದು ಬರೆದದ್ದಂತೂ, ಊರಿಗೆಲ್ಲ ಹೇಳಿ ಒಂದೇ ವಾಹನದಲ್ಲಿ ಹೊರಡಿ ಎಂದಂತಾಗಿತ್ತು. ಒಂಬತ್ತೂವರೆಯ ಹೊತ್ತಿಗೆ ನಡುಮನೆಯಲ್ಲಿ ಹದಿಮೂರು ಜನ, ಎಂಟು ಬ್ರೆಡ್ಡು, ಮೂರು ಡಜನ್ ಬಾಳೆಹಣ್ಣು, ಒಂದು ಫ್ಲಾಸ್ಕ್ ಗಂಜಿ ಸೇರಿದ್ದವು. ಎದುರು ಮನೆಯ ಬೆಟ್ಟಮ್ಮ ಇಷ್ಟೊಂದು ಚಪ್ಪಲಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಒಳಗೆ ಬಂದಿದ್ದಳು. "ಅಯ್ಯೋ, ಬದುಕಿದೀರಾ?" ಎಂದು ಕೇಳಿದವಳು, ಬಂದ ಕಣ್ಣೀರು ದಂಡವಾಗಬಾರದೆಂದು ಅಲ್ಲೇ ಕೂತು ಕಾಫಿ ಕುಡಿದಳು.

ಹಾಸನದಿಂದ ಕಾರಿನಲ್ಲಿ ಬಂದ ಮೋಹನ್‌ಕುಮಾರ್ ಹೆಚ್ಚು ದಣಿದಿದ್ದರು. ರೈಲ್ವೆ ಟಪಾಲು ವಿಭಾಗದಲ್ಲಿ ಪತ್ರ ವಿಂಗಡಿಸುತ್ತಿದ್ದವರು. ಬೆಳಗ್ಗೆ ಆರಕ್ಕೇ ಎದ್ದು ಹಾಸನದ ಮೂರು ಆಸ್ಪತ್ರೆಗಳನ್ನು ಅದೇ ಕ್ರಮದಲ್ಲಿ ವಿಂಗಡಿಸಿ ಬಂದಿದ್ದರು. "ಹೆಂಗಸರ ವಾರ್ಡಲ್ಲಿ ಒಂದೊಂದೇ ಮಂಚ ನೋಡ್ಕೊಂಡು ಹೋದೆ ಕಣ್ರೀ. ಮೂರನೇ ಆಸ್ಪತ್ರೇಲಿ ಸೆಕ್ಯೂರಿಟಿಯವನು ಬಂದು, ಯಾರ್ ಸಾ ನೀವು, ಏನ್ ಬೇಕು ಅಂದ. ನಾನೇನಂತ ಹೇಳ್ಲಿ?"

ಯಶಸ್ವಿನಿ ಆಗಲೇ ಒಳಕೋಣೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಂಪ್ಯೂಟರಿಗೆ ಕಾವಲೆಂದು ಹಾಕಿಸಿದ್ದ ಆಂಟಿವೈರಸ್ಸಿಗೆ, ಒಳಗೆ ಕಳ್ಳ ಹೊಕ್ಕಿದ್ದಾನೆಯೇ ನೋಡು ಎಂದು ಅಪ್ಪಣೆ ಕೊಟ್ಟಳು. ಅದು ಮುಕ್ಕಾಲು ಗಂಟೆ ಗುಂಯ್‌ಗುಟ್ಟಿ, ಕೊನೆಗೆ ಒಬ್ಬನನ್ನು ಹಿಡಿದೆನೆಂದು ಬೀಗುತ್ತಾ ಹೇಳಿತು. ಹಿಡಿದದ್ದು ಎಂಟು ವರ್ಷದಿಂದ ಅದೇ ಮನೆಯಲ್ಲಿ ಬಾಳಿಕೊಂಡಿದ್ದ ಕನ್ನಡ ಟೈಪಿಂಗ್ ತಂತ್ರಾಂಶವನ್ನು. ಅನುಮಾನಾಸ್ಪದ ಎಂದು ಅದನ್ನು ಕೋಣೆಗೆ ದೂಡಿ ಅಗುಳಿ ಹಾಕಿ, ಪರದೆಯ ಮೇಲೆ ಹಸಿರು ಗುರುತು ತೋರಿಸಿತು: ನೀವು ಸುರಕ್ಷಿತ.

"ಇದರ ಪೌರುಷ ಮನೆಯವರ ಮೇಲೆ ಮಾತ್ರ," ಎಂದಳು ಯಶಸ್ವಿನಿ. ಪಾಸ್‌ವರ್ಡ್ ಬದಲಿಸಿ, ಕಳಿಸಿದ ಪತ್ರಗಳನ್ನೆಲ್ಲ ಜಾಲಾಡಿದಳು. "ಅತ್ತೆ, ಆ ಪತ್ರ ಇಲ್ಲಿಂದ ಹೋಗೇ ಇಲ್ಲ. ನಿಮ್ಮ ಅಕೌಂಟ್ ಯಾರೂ ಕದ್ದಿಲ್ಲ. ಬರೀ ನಿಮ್ಮ ಹೆಸರು ಹಾಕ್ಕೊಂಡು ಬೇರೆ ಕಡೆಯಿಂದ ಬಿಟ್ಟಿದಾರೆ. ಸ್ಪೂಫಿಂಗ್ ಅಂತಾರೆ."

"ನನ್ನ ಹೆಸರು ನಾನಲ್ಲದೆ ಇನ್ನೊಬ್ಬರು ಹೇಗೆ ಹಾಕ್ತಾರೆ?"

ಅವಳು ಮೋಹನ್‌ಕುಮಾರರ ಫೋನು ಈಸಿಕೊಂಡು, ಆ ಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಹೊದಿಕೆ ಕಳಚಿ ಒಳಗಿನ ಸಾಲುಗಳನ್ನು ತೋರಿಸಿದಳು. ಎಲ್ಲಿ ಹುಟ್ಟಿತು, ಯಾವ ಯಾವ ಗಳಿಗೆಗೆ ಯಾವ ಯಾವ ಠಾಣೆ ಹಾದು ಬಂತು ಎಂಬುದೆಲ್ಲ ಇಂಗ್ಲಿಷಿನಲ್ಲಿ ಇರುವೆ ಸಾಲಿನಂತೆ ಇತ್ತು. ಮೋಹನ್‌ಕುಮಾರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದವರು ಒಮ್ಮೆಲೇ ನೆಟ್ಟಗಾದರು.

"ಏನಮ್ಮಾ, ಇವು ಸೀಲುಗಳಲ್ವಾ!"

"ಸೀಲು?"

"ಠಸ್ಸೆ ಕಣಮ್ಮ, ಪೋಸ್ಟಿನ ಠಸ್ಸೆ. ಮೇಡಂ, ಇಲ್ಲಿ ನೋಡಿ. ಕವರ್ ಹಿಂದುಗಡೆ 'ಇಂದ' ಅಂತ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು. ತಹಸೀಲ್ದಾರ್ ಹೆಸರು ಬರೀಲಿ, ಮಹಾರಾಜರ ಹೆಸರು ಬರೀಲಿ, ನಾವು ಕೇಳ್ತಿದ್ವಾ? ಆದ್ರೆ ಹಾಕಿದ್ದು ಯಾವ ಡಬ್ಬಕ್ಕೆ ಅಂತ ಠಸ್ಸೆ ಹೇಳ್ತದೆ. ಇದು ಹೊಳೆನರಸೀಪುರದ್ದಲ್ಲ. ಈ ದೇಶದ್ದೂ ಅಲ್ಲ."

ನಡುಮನೆಯಲ್ಲಿದ್ದ ಹದಿಮೂರು ಜನರೂ ಅರ್ಥವಾಯಿತೆಂದು ತಲೆಯಾಡಿಸಿದರು. ಜಗತ್ತಿನ ದೊಡ್ಡ ದೊಡ್ಡ ಪರಿಣತರು ಚಿತ್ರ ಬರೆದು ತಿಳಿಸುವ ಸಂಗತಿ ಅಲ್ಲಿ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

"ಹೆಸರು ಸರಿ. ನಮ್ಮ ನೂರ ನಲವತ್ತು ಜನದ ವಿಳಾಸ ಅವನಿಗೆ ಹೇಗೆ ಸಿಕ್ತು?" ಎಂದರು ದಾಕ್ಷಾಯಣಮ್ಮ.

ಯಶಸ್ವಿನಿ ಉತ್ತರ ಕೊಡುವ ಮೊದಲು ಅತ್ತೆಯ ಮುಖ ನೋಡಿದಳು. ಸುತ್ತೋಲೆಯ ಕೆಳಗೆ 'ಪ್ರತಿ' ಎಂದು ಬರೆದು ಯಾರು ಯಾರಿಗೆ ಹೋಯಿತೆಂದು ಕಾಣಿಸದಿದ್ದರೆ ಅದು ಸುತ್ತೋಲೆಯೇ ಅಲ್ಲ ಎಂಬುದು ದಾಕ್ಷಾಯಣಮ್ಮನವರ ಸಿದ್ಧಾಂತ. ಆದ್ದರಿಂದ ಪ್ರತಿ ತಿಂಗಳೂ ಎಲ್ಲ ವಿಳಾಸಗಳನ್ನೂ ಪತ್ರದ ನೆತ್ತಿಯ ಮೇಲೆಯೇ, ಎಲ್ಲರಿಗೂ ಕಾಣುವಂತೆ, ಸೇವಾ ಜ್ಯೇಷ್ಠತೆಯ ಪ್ರಕಾರ ಜೋಡಿಸುತ್ತಿದ್ದರು. ಒಮ್ಮೆ ಕೊರವಂಗಲದ ಸದಸ್ಯರೊಬ್ಬರ ಹೆಸರು ಎರಡು ಸ್ಥಾನ ಕೆಳಗಿಳಿದು, ಅದರ ಬಗ್ಗೆ ಮೂರು ತಿಂಗಳು ಪತ್ರ ವ್ಯವಹಾರ ನಡೆದಿತ್ತು. ನೂರ ನಲವತ್ತು ಮನೆಗಳಲ್ಲಿ ಯಾವುದಾದರೂ ಒಂದು ಕಂಪ್ಯೂಟರಿಗೆ ಕನ್ನ ಬಿದ್ದರೆ ಸಾಕು, ಇಡೀ ಬಳಗ ಜ್ಯೇಷ್ಠತಾ ಕ್ರಮದಲ್ಲಿ ಕಳ್ಳನ ಕೈಗೆ.

"ವಿಳಾಸ ಮರೆಮಾಡಿ ಕಳಿಸ್ಬಹುದು ಅಂತ ನಾನು ಹೇಳಿದ್ದೆ ಅತ್ತೆ."

"ನೀನು ಹೇಳಿದ್ದೆ ಕಣಮ್ಮ. ಮರೆಮಾಡಿ ಕಳಿಸೋದು ಮೂಗರ್ಜಿ ಅಂತ ನಾನೇ ಅಂದಿದ್ದೆ. ಈಗ ಅದನ್ನ ಎಲ್ಲರ ಮುಂದೆ ಹೇಳ್ಬೇಡ."

ಎಲ್ಲರೂ ಕೇಳಿಸಿಕೊಂಡೇ ಇದ್ದರು.

ಈಗ ಆಗಬೇಕಾದದ್ದು, ಆ ಪತ್ರ ನನ್ನದಲ್ಲ ಎಂದು ಉಳಿದವರಿಗೆಲ್ಲ ತಿಳಿಸುವುದು. ಈಮೇಲಿನಲ್ಲಿ ಬರೆಯೋಣವೆಂದರೆ ಕನ್ನಡ ಟೈಪಿಂಗ್ ಬಂಧನದಲ್ಲಿತ್ತು. ಬರೆದರೂ, ಅದೇ ವಿಳಾಸದಿಂದ ಬಂದ ಎರಡನೆಯ ಪತ್ರವನ್ನು ಯಾವ ಬುದ್ಧಿವಂತ ನಂಬಿಯಾನು? ದಾಕ್ಷಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೂರ ನಲವತ್ತು ಹೆಸರನ್ನೂ ಹಿಂದೆ ಟಪಾಲಿಗೆ ಮಾಡುತ್ತಿದ್ದಂತೆ ಬೀಟುಗಳಾಗಿ ಹಂಚಿದರು. ಹಾಸನ ಮೋಹನ್‌ಕುಮಾರರಿಗೆ, ಹೊಳೆನರಸೀಪುರ ರಾಮಣ್ಣನಿಗೆ, ಚನ್ನರಾಯಪಟ್ಟಣ ಬಂದಿದ್ದವರಲ್ಲಿ ನಾಲ್ವರಿಗೆ, ಅರಕಲಗೂಡು ತಮಗೆ. ಹದಿನಾಲ್ಕು ಫೋನುಗಳು ಒಟ್ಟಿಗೆ ಮಾತಾಡತೊಡಗಿದವು.

"ಊ ಕಣಣ್ಣ, ನಾನೇ ಕಣ್ಣಾರೆ ನೋಡ್ತಾವ್ನಿ, ಕಲ್ ಗುಂಡಂಗವ್ರೆ," ಎಂದು ರಾಮಣ್ಣ ಯಾರಿಗೋ ಕಿರುಚುತ್ತಿದ್ದ. "ದುಡ್ಡು ಕಳ್ಸುಬ್ಯಾಡ. ಬರಾದೂ ಬ್ಯಾಡ. ಏನು, ಒಂಟ್ಬುಟ್ಟಿದೀಯಾ? ಸರಿ ಬಾ ಅತ್ಲಾಗೆ, ಕಾಫಿ ಕುಡ್ದು ಓಗೀವಂತೆ."

ಹನ್ನೆರಡರ ಹೊತ್ತಿಗೆ ನೂರ ಮೂವತ್ತೊಂಬತ್ತು ಹೆಸರಿನ ಮುಂದೆ ಗುರುತು ಬಿದ್ದಿತ್ತು. ಒಬ್ಬರೂ ಒಂದು ರೂಪಾಯಿ ಕಳಿಸಿರಲಿಲ್ಲ. ಅರ್ಧದಷ್ಟು ಜನ ಪತ್ರವನ್ನೇ ನೋಡಿರಲಿಲ್ಲ ಎಂಬುದೂ ತಿಳಿಯಿತು. ಅದು ಕಾರ್ಯದರ್ಶಿಯವರಿಗೆ ಬೇರೊಂದು ದಿನ ಬೇಸರ ತರಿಸಬಹುದಾದ ಸಂಗತಿ.

ಉಳಿದದ್ದು ಒಂದೇ ಹೆಸರು: ರುದ್ರಪಟ್ಟಣದ ಪಂಚಾಕ್ಷರಯ್ಯ.

ದಾಕ್ಷಾಯಣಮ್ಮ ಒಂಬತ್ತು ಸಲ ಮಾಡಿದರು. ಪ್ರತಿ ಸಲವೂ ಫೋನು ಪೂರ್ತಿ ಹೊಡೆದುಕೊಂಡು ಸುಮ್ಮನಾಯಿತು. ಹತ್ತನೆಯದಕ್ಕೆ ಬೆರಳಿಟ್ಟವರು ಫೋನನ್ನು ಕೆಳಗಿಟ್ಟರು.

"ಯಾಕತ್ತೆ? ಎಲ್ಲಾದ್ರೂ ಹೊರಗೆ ಹೋಗಿರ್ತಾರೆ."

"ನಿನಗೆ ಆ ಮನುಷ್ಯ ಗೊತ್ತಿಲ್ಲ. ಪತ್ರದಲ್ಲಿ ಫೋನ್ ಮಾಡಬೇಡಿ ಅಂತಿದೆ. ಅದಕ್ಕೇ ಎತ್ತುತಿಲ್ಲ." ಅವರು ಎದ್ದು ನಿಂತರು. "ಅದನ್ನ ಪಾಲಿಸ್ತಿದಾರೆ ಅಂದ್ರೆ, ಮಿಕ್ಕಿದ್ದನ್ನೂ ಪಾಲಿಸ್ತಿದಾರೆ. ಮೋಹನ್‌ಕುಮಾರ್, ಕಾರ್ ತೆಗೀರಿ."

ಅತ್ತೆಯ ಜೊತೆ ಯಶಸ್ವಿನಿ ಕಾರು ಹತ್ತಿದಳು. ಎಳನೀರು ಕೆಡುತ್ತದೆ, ಅಲ್ಲಾದರೂ ಕೊಡೋಣ ಎಂಬ ನೆಪದಲ್ಲಿ ರಾಮಣ್ಣನೂ ಹತ್ತಿದ. ಪಂಚಾಕ್ಷರಯ್ಯನವರ ಕತೆಯನ್ನು ಯಶಸ್ವಿನಿಗೆ ದಾರಿಯಲ್ಲಿ ಹೇಳಿದವನೂ ಅವನೇ. ಅವರು ರುದ್ರಪಟ್ಟಣದ ಶಾಖಾ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದಾಗ ಒಂದು ಮಳೆಗಾಲ ಹೊಳೆ ಉಕ್ಕಿ ರಸ್ತೆ ಮುಳುಗಿತು. ಆಗ ಅರಕಲಗೂಡಿನಲ್ಲಿದ್ದ ದಾಕ್ಷಾಯಣಮ್ಮ, 'ಮುಂದಿನ ಆದೇಶದವರೆಗೆ ಟಪಾಲು ಚೀಲ ಕಳಿಸಕೂಡದು' ಎಂದು ಒಂದು ಚೀಟಿ ಬರೆದು ಕಳಿಸಿದರು. ಎರಡು ದಿನಕ್ಕೆ ನೀರು ಇಳಿಯಿತು. ಇವರಿಗೆ ಇನ್ನೊಂದು ಚೀಟಿ ಬರೆಯುವುದು ಮರೆಯಿತು. ಪಂಚಾಕ್ಷರಯ್ಯ ಹನ್ನೊಂದು ದಿನ ಚೀಲಗಳನ್ನು ಗೋಡೆಗೆ ಒರಗಿಸಿಕೊಂಡು ಕೂತಿದ್ದರು.

"ಮದ್ವೆ ಕಾಗ್ದಗಳೆಲ್ಲ ನಾಮಕರಣದೊತ್ಗೆ ತಲುಪ್ದೊ ಕಣವ್ವ," ಎಂದ ರಾಮಣ್ಣ. "ಯಾಕಯ್ಯಾ ಇಂಗ್ ಮಾಡ್ದೆ ಅಂತ ಸಾಯೇಬ್ರು ಕೇಳುದ್ರೆ, ಮೇಡಂ ಸಹಿ ಐತೆ ಸಾ ಅಂತ ಚೀಟಿ ತಗ್ದು ತೋರ್ಸುದ್ರಂತೆ."

ಮೋಹನ್‌ಕುಮಾರ್ ನಕ್ಕರು. ದಾಕ್ಷಾಯಣಮ್ಮ ನಗಲಿಲ್ಲ. ಮೊನ್ನೆಯಷ್ಟೇ ಪಂಚಾಕ್ಷರಯ್ಯ ಅವರಿಗೊಂದು ಪತ್ರ ಬರೆದಿದ್ದರು. ಹೆಂಡತಿ ಸರ್ವಮಂಗಳಮ್ಮನ ಎರಡೂ ಮಂಡಿ ಸವೆದಿವೆ, ಹಾಸನದಲ್ಲಿ ಬರುವ ಬುಧವಾರ ಶಸ್ತ್ರಚಿಕಿತ್ಸೆ, ಇಡುಗಂಟು ಮುರಿಸಿ ನಾಲ್ಕು ಲಕ್ಷ ತೆಗೆದಿಟ್ಟಿದ್ದೇನೆ, ಇಲಾಖೆಯಿಂದ ಏನಾದರೂ ವಾಪಸು ಬರುತ್ತದೆಯೇ ಎಂದು. ಆ ನಾಲ್ಕು ಲಕ್ಷ ಈಗ ಎಲ್ಲಿದೆ? 'ನಿಮ್ಮ ಸಾಮರ್ಥ್ಯದ ಹಣ' ಎಂದು ಬರೆದಿದ್ದ ಕಳ್ಳ. ಪಂಚಾಕ್ಷರಯ್ಯ ಆ ಮಾತನ್ನೂ ಅಕ್ಷರಶಃ ತೆಗೆದುಕೊಳ್ಳುವವರು. ಮೂವತ್ತೆಂಟು ವರ್ಷ ತಮ್ಮ ಕೈಕೆಳಗೆ ಒಬ್ಬರ ಒಂದು ಮನಿಯಾರ್ಡರ್ ದಾರಿ ತಪ್ಪಿರಲಿಲ್ಲ. ಈಗ ತಮ್ಮ ಹೆಸರೇ ಹೋಗಿ ಒಬ್ಬ ಹೆಂಗಸಿನ ಕಾಲನ್ನು ಕಿತ್ತುಕೊಂಡು ಬಂದರೆ, ನಾನಲ್ಲ, ಠಸ್ಸೆ ನೋಡಿ ಎಂದು ಅವಳೆದುರು ನಿಂತು ಹೇಳುವುದು ಹೇಗೆ?

"ನಿನ್ನೆ ಎರಡನೇ ಶನಿವಾರ, ಇವತ್ತು ಭಾನುವಾರ. ಬ್ಯಾಂಕ್ ಇರಲಿಲ್ಲ," ಎಂದಳು ಯಶಸ್ವಿನಿ, ಅತ್ತೆಯ ಮನಸ್ಸಿನಲ್ಲಿ ನಡೆಯುತ್ತಿದ್ದದ್ದನ್ನು ಓದಿದವಳಂತೆ.

"ಮನೇಲಿ ಕಂಪ್ಯೂಟರ್ ಇದೆ. ಕಾರ್ಡ್ ಇದೆ." ಅಷ್ಟು ಹೇಳಿ ಅವರು ಕಿಟಕಿಯಾಚೆ ನೋಡಿದರು. ಅರಕಲಗೂಡು ದಾಟಿದ ಮೇಲೆ ರಾಮಣ್ಣ ಆಲೂಗಡ್ಡೆ ಬೆಳೆಯ ಮಾತು ತೆಗೆದ.

ರುದ್ರಪಟ್ಟಣದ ಬೀದಿಯಲ್ಲಿ ಯಾವುದೋ ಮನೆಯಿಂದ ತಂಬೂರಿಯ ಸದ್ದು ಬರುತ್ತಿತ್ತು. ಪಂಚಾಕ್ಷರಯ್ಯನವರ ಮನೆಯಿಂದ ಬೈಗುಳ ಬರುತ್ತಿತ್ತು. ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಬನಿಯನ್ನಿನಲ್ಲಿ ಕೂತ ಪಂಚಾಕ್ಷರಯ್ಯ, ಕಂಪ್ಯೂಟರಿನ ಪರದೆಗೆ ಬೆರಳು ತೋರಿಸಿ, "ನಿನ್ ಮನೆ ಕಾಯ್ವಾಗ, ನಿನ್ನನ್ನ ತಂದು ಕೂರಿಸಿದ್ದೇ ತಪ್ಪು ಕಣೋ" ಎನ್ನುತ್ತಿದ್ದರು. ಅವರ ಎಡಗೈಯಲ್ಲಿ ಬ್ಯಾಂಕಿನ ಕಾರ್ಡಿತ್ತು.

ಸದ್ದು ಕೇಳಿ ತಿರುಗಿದರು. ದಾಕ್ಷಾಯಣಮ್ಮನವರನ್ನು ಕಂಡದ್ದೇ, ಕಚೇರಿಯಲ್ಲಿ ಏಳುತ್ತಿದ್ದಂತೆ ಎದ್ದು ನಿಂತರು.

"ಮೇಡಂ! ಡಿಸ್ಚಾರ್ಜ್ ಮಾಡ್ಬುಟ್ರಾ?" ಆಮೇಲೆ ತಲೆ ತಗ್ಗಿಸಿದರು. "ಕ್ಷಮಿಸ್ಬೇಕು ಮೇಡಂ. ನಿನ್ನೆ ಸಂಜೆಯಿಂದ ಪ್ರಯತ್ನ ಮಾಡ್ತಾನೇ ಇದೀನಿ. ಇನ್ನೂ ಕಳಿಸೋಕೆ ಆಗಿಲ್ಲ."

ದಾಕ್ಷಾಯಣಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. "ಏನಂದ್ರಿ? ಇನ್ನೊಂದ್ಸಲ ಹೇಳಿ."

"ಕಳಿಸೋಕೆ ಆಗಿಲ್ಲ ಮೇಡಂ. ಒಂದು ಪೈಸೆ ಹೋಗಿಲ್ಲ. ಹದಿನಾಲ್ಕು ಸಲ ಕಾರ್ಡ್ ನಂಬರ್ ಹೊಡೆದಿದೀನಿ. ಹೊಡೆದು ಮುಗಿಸೋದ್ರೊಳಗೆ ಇವರಲ್ಲಿ ಒಬ್ಬ ಎದ್ದು ಪುಟಾನೇ ಮುಚ್ಚಿಬಿಡ್ತಾನೆ."

"ಇವರಲ್ಲಿ ಅಂದ್ರೆ? ಎಷ್ಟು ಜನ ಇದಾರೆ?" ಎಂದಳು ಯಶಸ್ವಿನಿ.

ಇದ್ದದ್ದು ಇಬ್ಬರು. ಒಂದು ನೀಲಿ ಆಂಟಿವೈರಸ್ಸು, ಚನ್ನರಾಯಪಟ್ಟಣದ ಅಳಿಯ ಹಾಕಿಕೊಟ್ಟದ್ದು. ಇನ್ನೊಂದು ಕೆಂಪು, ಅರಕಲಗೂಡಿನ ಅಂಗಡಿಯವನು ಹಾಕಿದ್ದು. ಯಾಕೆ ಎರಡೆಂದು ಕೇಳಿದ್ದಕ್ಕೆ ಪಂಚಾಕ್ಷರಯ್ಯನವರಿಗೆ ಆಶ್ಚರ್ಯವಾಯಿತು. ಅಂಚೆ ಕಚೇರಿಯ ಖಜಾನೆಗೆ ಎರಡು ಬೀಗ, ಎರಡು ಬೀಗದ ಕೈ, ಎರಡೂ ಬೇರೆ ಬೇರೆ ನೌಕರರ ಸೊಂಟದಲ್ಲಿ. ಒಬ್ಬ ಕಳ್ಳನಾದರೆ ಇನ್ನೊಬ್ಬನಿರುತ್ತಾನೆ. ನಿಯಮವೇ ಹಾಗೆ. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿಗೆ ಒಂದೇ ಬೀಗ ಹಾಕುವವನಿಗೆ ಬುದ್ಧಿ ಇದೆಯೇ?

"ಅಲ್ಲಿ ಬೀಗಗಳು ಒಂದನ್ನೊಂದು ಕಚ್ಚಾಡ್ತಿರಲಿಲ್ಲ ಸರ್," ಎಂದಳು ಯಶಸ್ವಿನಿ. ಅವಳಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ನೀಲಿಯದು ಕೆಂಪನ್ನು ಕಳ್ಳನೆಂದು ಹಿಡಿಯುತ್ತಿತ್ತು, ಕೆಂಪು ನೀಲಿಯನ್ನು ದರೋಡೆಕೋರನೆಂದು ತಡೆಯುತ್ತಿತ್ತು. ಈ ಜಗಳದಲ್ಲಿ ಕಂಪ್ಯೂಟರು ಎದ್ದು ಕೂರುವುದಕ್ಕೇ ಕಾಲು ಗಂಟೆ. ನಡುವೆ ಯಾವ ಪುಟ ತೆರೆದರೂ, ಎದುರಿನವನ ಮೇಲಿನ ಸಿಟ್ಟಿಗೆ ಇಬ್ಬರಲ್ಲೊಬ್ಬ ಅದನ್ನು ಮುಚ್ಚಿ ಹಾಕುತ್ತಿದ್ದ. ಕಳ್ಳನ ಕೊಂಡಿಯೂ ಹಾಗೇ ಹದಿನಾಲ್ಕು ಸಲ ಮುಚ್ಚಿಹೋಗಿತ್ತು.

"ಅದಕ್ಕೇ ಈಗ ಇಬ್ಬರನ್ನೂ ಕಿತ್ತು ಹಾಕೋಕೆ ಕೊಟ್ಟಿದೀನಿ," ಎಂದರು ಪಂಚಾಕ್ಷರಯ್ಯ, ಕೆಲಸ ಬಾಕಿ ಇಟ್ಟಿಲ್ಲವೆಂದು ಮೇಲಧಿಕಾರಿಗೆ ತೋರಿಸುವ ಧ್ವನಿಯಲ್ಲಿ. "ಎಂಬತ್ತೆರಡು ಪರ್ಸೆಂಟ್ ಆಗಿದೆ ನೋಡಿ. ಹಿಂದುಗಡೆ ಆ ಪುಟ ತೆರೆದೇ ಇಟ್ಟಿದೀನಿ, ನಂಬರೂ ಹೊಡೆದು ಒತ್ತಿದೀನಿ, ಸುತ್ತುತ್ತಾ ನಿಂತಿದೆ. ಇವರು ತೊಲಗಿದ ತಕ್ಷಣ ಹೋಗ್ತದೆ."

ಯಶಸ್ವಿನಿ ಮೇಜಿನ ಕೆಳಗೆ ನುಗ್ಗಿ ಪ್ಲಗ್ಗು ಕಿತ್ತಳು. ಕಂಪ್ಯೂಟರು ಆರಲಿಲ್ಲ, ಯುಪಿಎಸ್ಸು ಕೀಂಯೋ ಎಂದು ಬಾಯಿ ಬಡಿದುಕೊಂಡಿತು, ಅಷ್ಟೆ. ಪರದೆಯ ಮೇಲೆ ಎಂಬತ್ತೊಂಬತ್ತು. "ಇಂಟರ್ನೆಟ್ ವೈರ್ ಎಲ್ಲಿ?" "ಗೂಡಲ್ಲಿ ಐತೆ ನೋಡಿ, ದೇವರ ಪಟದ ಹಿಂದೆ!" ಎಂದು ಒಳಗಿಂದ ಸರ್ವಮಂಗಳಮ್ಮ ಕೂಗಿದರು. ರಾಮಣ್ಣ ಎರಡೇ ಹೆಜ್ಜೆಗೆ ಗೂಡಿನ ಬಳಿ ಹಾರಿ, ಸಿಕ್ಕ ವೈರನ್ನೆಲ್ಲ ಒಟ್ಟಿಗೆ ಜಗ್ಗಿದ. ಮಿಣುಕುತ್ತಿದ್ದ ಹಸಿರು ದೀಪ ಆರಿತು. ಅದರೊಂದಿಗೆ ದೇವರ ಮುಂದಿನ ಸೀರಿಯಲ್ ಸೆಟ್ಟೂ ಆರಿತು.

"ಶಿವಾ," ಎಂದ ರಾಮಣ್ಣ. "ಸರ್ಯಾದ್ದನ್ನೇ ಕಿತ್ನಾ?"

"ಎಲ್ಲಾನೂ ಕಿತ್ತಿದೀರಿ. ಅದರಲ್ಲಿ ಸರಿಯಾದ್ದೂ ಇದೆ," ಎಂದಳು ಯಶಸ್ವಿನಿ, ಕಿತ್ತುಹಾಕುವ ಕೆಲಸವನ್ನು ಪರದೆಯಲ್ಲಿ ರದ್ದುಮಾಡಿ, ನೆಲದ ಮೇಲೆಯೇ ಕೂತುಕೊಂಡು.

ಪಂಚಾಕ್ಷರಯ್ಯನವರಿಗೆ ಮಾತ್ರ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಪತ್ರ ಸುಳ್ಳೆಂದು ಹೇಳಿದರೆ ನಂಬಲಿಲ್ಲ. "ನಿಮ್ಮ ಹೆಸರಲ್ಲೇ ಬಂದಿದೆ ಮೇಡಂ. ಲಿಖಿತದಲ್ಲಿದೆ. ನೀವೀಗ ಬಾಯಲ್ಲಿ ಹೇಳ್ತಿದೀರಿ," ಎಂದು, ಅತ್ಯಂತ ವಿನಯದಿಂದ, ಮೇಡಮ್ಮನವರನ್ನು ಮೇಡಮ್ಮನವರ ಮಾತಿನಿಂದಲೇ ತಳ್ಳಿಹಾಕಿದರು.

"ರೀ ಸ್ವಾಮಿ, ಕವರ್ ಹಿಂದೆ ಬರೆದಿರೋ ಹೆಸರು ನೋಡಿಯೇನ್ರೀ ನೀವು ಬಟವಾಡೆ ಮಾಡ್ತಿದ್ದದ್ದು?" ಎಂದರು ಮೋಹನ್‌ಕುಮಾರ್.

ದಾಕ್ಷಾಯಣಮ್ಮ ವಾದ ಮಾಡಲಿಲ್ಲ. ಮೇಜಿನ ಮೇಲಿದ್ದ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಹಿಂಬದಿಯಲ್ಲಿ ನಿಂತೇ ಬರೆದರು: 'ನಿನ್ನೆ ನನ್ನ ಹೆಸರಿನಲ್ಲಿ ಬಂದ ಪತ್ರ ನನ್ನದಲ್ಲ. ಅದರಂತೆ ನಡೆಯಕೂಡದು. ಯಾರಿಗೂ ಹಣ ಕಳಿಸಕೂಡದು.' ಸಹಿ, ದಿನಾಂಕ, ವೇಳೆ. ಪಂಚಾಕ್ಷರಯ್ಯ ಅದನ್ನು ಎರಡು ಸಲ ಓದಿದರು. ಅಕ್ಷರ ಗುರುತಿನದು. ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು.

"ಮಂಗಳಾ," ಎಂದರು. "ಮಂಗಳಾ, ನಿನ್ನ ಮಂಡಿ ದುಡ್ಡು ಕಣೇ."

ಸರ್ವಮಂಗಳಮ್ಮ ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಬಂದು ಬಾಗಿಲಲ್ಲಿ ನಿಂತಿದ್ದರು. "ಅವರನ್ನ ಬಯ್ಯಬ್ಯಾಡಿ ಮೇಡಂ. ಕಳ್ಸಿ ಅಂತ ಏಳ್ದೋಳು ನಾನೇ. ಮೇಡಮ್ಮೋರು ಯಾವತ್ತೂ ಯಾರತ್ರಾನೂ ಕೈಯೊಡ್ಡುದೋರಲ್ಲ, ಕೇಳವ್ರೆ ಅಂದ್ರೆ ಇನ್ನೆಷ್ಟ್ ಕಷ್ಟ ಇರ್ಬೇಕು ಅಂತ. ಮಂಡಿಗೇನು, ಇಷ್ಟ್ ದಿನ ನೊಂದಿಲ್ವಾ, ಇನ್ನೊಂದ್ ವರ್ಷ ನೋಯ್ತದೆ ಅಷ್ಟೇಯ."

ದಾಕ್ಷಾಯಣಮ್ಮ ಇನ್ನೊಂದು ಕುರ್ಚಿ ಎಳೆದು ತಂದು ಅವರನ್ನು ಕೂರಿಸಿದರು.

ಪಂಚಾಕ್ಷರಯ್ಯನವರ ಫೋನು ರಾಗಿ ಡಬ್ಬದಿಂದ ಹೊರಬಂತು. ಕೈ ತಪ್ಪಿ ಎಲ್ಲಿ ಆಸ್ಪತ್ರೆಗೆ ಫೋನು ಮಾಡಿಬಿಡುತ್ತೇನೋ ಎಂದು ಅವರೇ ಅದರೊಳಗೆ ಹೂತಿಟ್ಟಿದ್ದರು. ಮೋಹನ್‌ಕುಮಾರ್ ರಾಗಿ ಕೊಡವಿ, ಮೊದಲು ಬ್ಯಾಂಕಿನ ಸಹಾಯವಾಣಿಗೆ ಹೇಳಿ ಆ ಕಾರ್ಡನ್ನು ನಿಲ್ಲಿಸಿದರು. ನಂಬರು ಹದಿನಾಲ್ಕು ಸಲ ಹೊಡೆದಾಗಿದೆ, ಯಾವ ಗಳಿಗೆಯಲ್ಲಿ ಏನು ಸೋರಿದೆಯೋ. ಆಮೇಲೆ ಬಾಕಿ ಎಷ್ಟಿದೆ ಎಂದು ಕೇಳಿದ್ದಕ್ಕೆ ಬ್ಯಾಂಕಿನಿಂದ ಸಂದೇಶ ಬಂತು. ಅದನ್ನು ಓದಲು ಪಂಚಾಕ್ಷರಯ್ಯ ಒಪ್ಪಲಿಲ್ಲ. ಹೆಂಡತಿಯ ಕೈಗೆ ಕೊಟ್ಟರು. ಸರ್ವಮಂಗಳಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತಾ ಸೊನ್ನೆಗಳನ್ನು ಎಣಿಸಿದರು.

"ಐತೆ," ಎಂದರು. "ಎಲ್ಲಾ ಐತೆ. ಮೇಲೆ ಬಡ್ಡಿ ನೂರಾ ಹತ್ತೂ ಬಂದೈತೆ."

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ರಾಮಣ್ಣನಂತೂ ಆ ನಾಲ್ಕು ಲಕ್ಷ ತನ್ನದೇ ಎಂಬಂತೆ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಇಬ್ಬರು ಕಾವಲುಗಾರರಲ್ಲಿ ಒಬ್ಬನನ್ನು ಬಿಡಲೇಬೇಕೆಂದು ಯಶಸ್ವಿನಿ ಹೇಳಿದಳು. ಯಾವುದು ಒಳ್ಳೆಯದೆಂದು ವಿವರಿಸಲು ಹೊರಟಳು. ಅವಳ ಮಟ್ಟಿಗೆ ಕೆಂಪಿನದು ಮೇಲು. ಅವುಗಳ ದಾಖಲೆಯ ಪ್ರಕಾರ ಕಳ್ಳನ ಪುಟವನ್ನು ಹದಿನಾಲ್ಕರಲ್ಲಿ ಹನ್ನೊಂದು ಸಲ ಮುಚ್ಚಿದ್ದು ಅದೇ.

"ನೀಲೀದೇ ಇರ್ಲಿ," ಎಂದರು ಸರ್ವಮಂಗಳಮ್ಮ.

"ಅಲ್ಲಮ್ಮ, ಕೆಂಪಿನದು..."

"ನೀಲೀದು ಅಳಿಯಂದ್ರು ಆಕಿದ್ದು ಕಣಮ್ಮ. ಯುಗಾದೀಗೆ ಬಂದಾಗ ಇಲ್ದಿದ್ರೆ ಮುಖ ಊದುಸ್ಕತಾರೆ. ಅಂಗಡಿಯವ್ನೇನು ಅಬ್ಬಕ್ ಬತ್ತಾನಾ?"

ಯಶಸ್ವಿನಿ ಕೆಂಪಿನದನ್ನು ಕಳಚಿ, ವೈರುಗಳನ್ನೆಲ್ಲ ಒಂದೊಂದಾಗಿ ಸಿಕ್ಕಿಸಿದಳು. ಕಾಲು ಗಂಟೆಯ ಬದಲು ಒಂದೇ ನಿಮಿಷಕ್ಕೆ ಕಂಪ್ಯೂಟರು ಎದ್ದು ಕೂತಿತು. ಪಂಚಾಕ್ಷರಯ್ಯ ಅದನ್ನು ಅನುಮಾನದಿಂದ ನೋಡಿದರು. ಇಷ್ಟು ಸಲೀಸಾಗಿ ತೆರೆಯುವ ಖಜಾನೆಯನ್ನು ಅವರು ಕಂಡಿರಲಿಲ್ಲ.

"ಒತ್ತಾಯ್ತು. ಊಟ ಮಾಡ್ಕಂಡು ಓಗಿ ಮೇಡಂ," ಎಂದರು ಸರ್ವಮಂಗಳಮ್ಮ.

ಆ ಸೀಮೆಯಲ್ಲಿ ಈ ಮಾತಿಗೆ ಮೊದಲು 'ಬೇಡ, ಈಗಷ್ಟೇ ಆಯ್ತು' ಎನ್ನಬೇಕು. ಎರಡನೆಯ ಸಲಕ್ಕೆ 'ಇನ್ನೊಂದ್ಸಲ ಬಂದಾಗ' ಎನ್ನಬೇಕು. ಮೂರನೆಯದಕ್ಕೆ ಕೈ ತೊಳೆಯಲು ಏಳಬೇಕು. ನೌಕರಿಯಲ್ಲಿದ್ದಷ್ಟು ಕಾಲ ದಾಕ್ಷಾಯಣಮ್ಮ ಮೂರನೆಯದಕ್ಕೂ ಎದ್ದವರಲ್ಲ. ಕೈಕೆಳಗಿನವರ ಮನೆಯಲ್ಲಿ ಉಣ್ಣುವುದು ಅವರ ನಿಯಮಕ್ಕೆ ಒಗ್ಗುತ್ತಿರಲಿಲ್ಲ. ಬೆಳಗ್ಗೆಯಿಂದ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಅವರಿಗೆ ಈಗ ನೆನಪಾಯಿತು.

"ಏನ್ ಮಾಡಿದೀರಿ?" ಎಂದು ಕೇಳಿದರು.

"ಅವರೆಕಾಳು ಸಾರು."

"ಬಡಿಸಿ," ಎಂದರು ದಾಕ್ಷಾಯಣಮ್ಮ. ಆಮೇಲೆ ಸರ್ವಮಂಗಳಮ್ಮ ಗೋಡೆಯತ್ತ ಕೈ ಚಾಚುವುದನ್ನು ಕಂಡು, "ಬೇಡ, ನೀವು ಕೂತ್ಕೊಳ್ಳಿ. ಬುಧವಾರದವರೆಗೂ ಆ ಮಂಡಿಗೆ ರಜ. ತಟ್ಟೆ ಎಲ್ಲಿದೆ ಹೇಳಿ, ನಾನೇ ಬಡಿಸ್ಕೋತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ನಡೆದರು.